ಕೆಸರಿನ ಮೇಲಿನ ಒಂದು ಗೇಣು ನೀರು: ಈರಿ ಸರೋವರದ ಮೇಫ್ಲೈ ಹೇಳುವುದೆಷ್ಟು, ಹೇಳದಿರುವುದೆಷ್ಟು

2014ರ ಆಗಸ್ಟ್ 2ರಂದು ಅಮೆರಿಕದ ಓಹಾಯೊ ರಾಜ್ಯದ ಟೊಲೆಡೊ ನಗರದಲ್ಲಿ ಒಂದು ಪ್ರಕಟಣೆ ಹೊರಬಿತ್ತು: ನಲ್ಲಿ ನೀರು ಕುಡಿಯಬೇಡಿ, ಕುದಿಸಿಯೂ ಕುಡಿಯಬೇಡಿ. ಈರಿ ಸರೋವರದಿಂದ ಬಂದ ನೀರಿನಲ್ಲಿ ಮೈಕ್ರೊಸಿಸ್ಟಿನ್ ಎಂಬ ಪಾಚಿವಿಷ ಮಿತಿ ಮೀರಿತ್ತು. ಕುದಿಸಿದರೆ ನೀರು ಆವಿಯಾಗುತ್ತದೆ, ವಿಷ ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಬಾಟಲಿ ನೀರಿಗೆ ಮುಗಿಬಿದ್ದರು. ಅದೇ ಬೇಸಿಗೆಯಲ್ಲಿ, ಅದಕ್ಕೆ ಕೆಲವೇ ವಾರಗಳ ಮೊದಲು, ಅದೇ ಸರೋವರದ ಪಶ್ಚಿಮ ಭಾಗದಿಂದ ಮೇಫ್ಲೈ ಎಂಬ ಕೀಟಗಳು ಎಂದಿನಂತೆ ಕೋಟಿಗಟ್ಟಲೆ ಎದ್ದು ದಡದ ಊರುಗಳ ದೀಪದ ಕಂಬಗಳನ್ನು ಮುಚ್ಚಿದ್ದವು.

ಮೇಫ್ಲೈ ಇದ್ದಲ್ಲಿ ನೀರು ಶುದ್ಧ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಬ್ರಿಟನ್ನಿನ ನದಿ ಪರೀಕ್ಷೆಯ ಅಂಕಪಟ್ಟಿಯಲ್ಲಿ ಕೆಸರು ಕೊರೆಯುವ ಮೇಫ್ಲೈಗಳ ಕುಟುಂಬಕ್ಕೆ ಹತ್ತಕ್ಕೆ ಹತ್ತು ಅಂಕ. ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜೈವಿಕ ಮಾಪನ ಪದ್ಧತಿಯೂ ಅದೇ ಬೇರಿನಿಂದ ಬಂದದ್ದು. ಹಾಗಾದರೆ ಟೊಲೆಡೊದಲ್ಲಿ ಆದದ್ದೇನು? ಕೀಟ ಸುಳ್ಳು ಹೇಳಲಿಲ್ಲ, ನಾವು ಅದನ್ನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು. ಕೆಸರಿನ ಮೇಫ್ಲೈ ಕುಡಿಯುವ ನೀರಿನ ಮಾಪಕವಲ್ಲ. ಕೆಸರಿನ ಮೇಲಿನ ಒಂದು ಗೇಣು ನೀರಿನಲ್ಲಿ, ಎರಡು ವರ್ಷಗಳ ಅತಿ ಕೆಟ್ಟ ಮೂರು ನಾಲ್ಕು ದಿನಗಳಲ್ಲಿ, ಆಮ್ಲಜನಕ ಉಳಿದಿತ್ತೇ ಇಲ್ಲವೇ ಎಂಬುದನ್ನು ಅದು ಅಳೆಯುತ್ತದೆ. ಇಷ್ಟು ಒಪ್ಪಿಕೊಂಡರೆ ಈರಿಯ ಎಪ್ಪತ್ತು ವರ್ಷಗಳ ಏರಿಳಿತವೂ ಈಗಿನ ಕುಸಿತದ ಚರ್ಚೆಯೂ ಅರ್ಥವಾಗುತ್ತವೆ.

ಎರಡು ವರ್ಷದ ಬಿಲವಾಸ, ಎರಡು ದಿನದ ಹಾರಾಟ

ಮೊದಲು ಒಂದು ಗೊಂದಲ ಬಿಡಿಸಬೇಕು. ಮೊದಲ ಮಳೆ ಬಿದ್ದ ಸಂಜೆ ನಮ್ಮಲ್ಲಿ ಟ್ಯೂಬ್‌ಲೈಟಿಗೆ ಮುತ್ತುವ ಮಳೆಹುಳು, ಅಂದರೆ ಈಚಲು ಹುಳು, ಮೇಫ್ಲೈ ಅಲ್ಲ. ಅದು ರೆಕ್ಕೆ ಬಂದ ಗೆದ್ದಲು. ಅದರ ನಾಲ್ಕು ರೆಕ್ಕೆಗಳೂ ಒಂದೇ ಅಳತೆಯವು, ಬೆನ್ನ ಮೇಲೆ ಚಪ್ಪಟೆಯಾಗಿ ಮಲಗಿರುತ್ತವೆ, ಮುಟ್ಟಿದರೆ ಉದುರುತ್ತವೆ. ಮೇಫ್ಲೈಯ ರೆಕ್ಕೆ ದೋಣಿಯ ಹಾಯಿಯಂತೆ ನೆಟ್ಟಗೆ ನಿಂತಿರುತ್ತದೆ. ಮುಂದಿನ ಜೋಡಿ ದೊಡ್ಡದು, ಹಿಂದಿನದು ತೀರ ಚಿಕ್ಕದು. ಬಾಲದಲ್ಲಿ ಎರಡು ಅಥವಾ ಮೂರು ಉದ್ದ ಎಳೆಗಳಿರುತ್ತವೆ. ಗೆದ್ದಲು ಮಣ್ಣಿನಿಂದ ಬರುತ್ತದೆ, ಮೇಫ್ಲೈ ನೀರಿನಿಂದ.

ಈರಿಯಲ್ಲಿರುವುದು ಹೆಕ್ಸಾಜೀನಿಯಾ ಕುಲದ ಎರಡು ಜಾತಿಗಳು, ಲಿಂಬಾಟ ಮತ್ತು ರಿಜಿಡ. ಹೆಣ್ಣು ನೀರಿನ ಮೇಲೆ ಇಳಿದು ಸಾವಿರಾರು ಮೊಟ್ಟೆಗಳನ್ನು ಒಮ್ಮೆಗೇ ಸುರಿಯುತ್ತದೆ. ದೊಡ್ಡ ಹೆಣ್ಣಾದರೆ ಏಳು ಸಾವಿರದ ತನಕ. ಮೊಟ್ಟೆ ಮುಳುಗಿ ತಳ ಸೇರುತ್ತದೆ, ಕೆಲವು ವಾರಗಳಲ್ಲಿ ಮರಿಯಾಗುತ್ತದೆ. ನಿಂಫ್ ಎಂದು ಕರೆಯುವ ಈ ಮರಿ ಮೆದು ಕೆಸರಿನಲ್ಲಿ ಎರಡು ಬಾಯಿಗಳಿರುವ ಕಮಾನಿನಾಕಾರದ ಬಿಲ ತೋಡಿ ಕೂರುತ್ತದೆ. ಬೆನ್ನ ಮೇಲಿನ ಗರಿಯಂಥ ಕಿವಿರುಗಳನ್ನು ಅಲೆಯಂತೆ ಬಡಿಯುತ್ತ ಒಂದು ಬಾಯಿಯಿಂದ ನೀರೆಳೆದು ಇನ್ನೊಂದರಿಂದ ಹೊರಬಿಡುತ್ತದೆ. ಉಸಿರೂ ಅದರಿಂದಲೇ, ಊಟವೂ ಅದರಿಂದಲೇ. ಪಾಚಿಯ ಚೂರು, ಕೊಳೆತ ಪುಡಿ, ಕೆಸರಿನೊಳಗಿನ ಬ್ಯಾಕ್ಟೀರಿಯಾ ಇದರ ಆಹಾರ. ಪೂರ್ತಿ ಬೆಳೆದ ಮರಿ ಸುಮಾರು 3 ಸೆಂಟಿಮೀಟರ್ ಉದ್ದ. ಅಷ್ಟು ಬೆಳೆಯಲು ಈರಿಯ ಪಶ್ಚಿಮದಲ್ಲಿ ಸಾಮಾನ್ಯವಾಗಿ ಎರಡು ವರ್ಷ ಬೇಕು.

ಜೂನ್-ಜುಲೈ ತಿಂಗಳ ಸಂಜೆ ಅದು ನೀರಿನ ಮೇಲ್ಮೈಗೆ ಈಜಿ ಬಂದು ಪೊರೆ ಬಿಟ್ಟು ಹಾರುತ್ತದೆ. ಆಗ ರೆಕ್ಕೆ ಇನ್ನೂ ಮಂಕು. ಗಿಡಗಂಟಿಯ ಮೇಲೆ ಕೂತು ಒಂದು ದಿನದೊಳಗೆ ಮತ್ತೊಮ್ಮೆ ಪೊರೆ ಕಳಚುತ್ತದೆ. ರೆಕ್ಕೆ ಬಂದ ಮೇಲೂ ಪೊರೆ ಕಳಚುವ ಕೀಟಗಳು ಇಂದು ಜಗತ್ತಿನಲ್ಲಿ ಮೇಫ್ಲೈಗಳು ಮಾತ್ರ. ಈ ಹಂತದಲ್ಲಿ ಅದಕ್ಕೆ ಉಣ್ಣಲು ಬಾಯೇ ಇರುವುದಿಲ್ಲ. ಕೂಡುವುದು, ಮೊಟ್ಟೆ ಇಡುವುದು, ಸಾಯುವುದು, ಎಲ್ಲವೂ ಒಂದೆರಡು ದಿನದೊಳಗೆ.

ಬಿಲಕ್ಕೆ ಬೇಕಾದ ಕೆಸರಿಗೂ ಒಂದು ಹದವಿದೆ. ಮರಳಾದರೆ ಬಿಲ ಕುಸಿಯುತ್ತದೆ, ಬರೀ ಅಂಟು ಜೇಡಿಯಾದರೆ ತೋಡುವುದೇ ಕಷ್ಟ. ಹೂಳೂ ಜೇಡಿಯೂ ಬೆರೆತ, ಹಿಟ್ಟು ಕಲಸಿದಂಥ ಮೆದು ತಳ ಬೇಕು. ಅಂಥ ತಳ ಸಿಗುವುದು ನೀರು ನಿಧಾನವಾಗಿ ಹರಿಯುವಲ್ಲಿ, ಹೂಳು ಕೂರುವಲ್ಲಿ, ಎಂದರೆ ಗೊಬ್ಬರ ಮತ್ತು ಕೊಳೆ ಕೂಡ ಬಂದು ನಿಲ್ಲುವ ಜಾಗದಲ್ಲೇ. ಸ್ಫಟಿಕದಂಥ ಬೆಟ್ಟದ ತೊರೆಯ ಕಲ್ಲಿನಡಿಯ ಮೇಫ್ಲೈಗಳೇ ಬೇರೆ, ಇದೇ ಬೇರೆ. ಎಲ್ಲವನ್ನೂ ಒಟ್ಟಿಗೆ "ಶುದ್ಧ ನೀರಿನ ಕೀಟ" ಎಂದು ಕಟ್ಟಿಹಾಕುವುದರಿಂದಲೇ ಅರ್ಧ ಗೊಂದಲ ಹುಟ್ಟಿದೆ.

ಐದು ದಿನ ಗಾಳಿ ನಿಂತರೆ

ಈರಿ ಮೂರು ಬೋಗುಣಿಗಳನ್ನು ಸಾಲಾಗಿಟ್ಟಂಥ ಸರೋವರ. ಪಶ್ಚಿಮ ಬೋಗುಣಿಯ ಸರಾಸರಿ ಆಳ ಏಳೂವರೆ ಮೀಟರಿಗೂ ಕಡಿಮೆ. ನಡುವಿನದು ಸುಮಾರು 18 ಮೀಟರ್. ಪೂರ್ವದ್ದು ಇನ್ನೂ ಆಳ, ಒಂದೆಡೆ 64 ಮೀಟರ್. ಪಶ್ಚಿಮದಲ್ಲಿ ನೀರು ತೆಳು, ಗಾಳಿ ಬೀಸಿದರೆ ತಳದ ತನಕ ಕಲಕುತ್ತದೆ. ಆದ್ದರಿಂದ ಅಲ್ಲಿ ಆಮ್ಲಜನಕದ ಕೊರತೆ ಬರಲಾರದು ಎಂದು ಒಂದು ಕಾಲದಲ್ಲಿ ನಂಬಿದ್ದರು. ಆ ನಂಬಿಕೆ ಎಲ್ಲಿ ತಪ್ಪಿತು ಎನ್ನುವುದನ್ನು ಕೈಲೆಕ್ಕದಲ್ಲೇ ನೋಡಬಹುದು.

ಬಿಸಿಲಿನಲ್ಲಿ ಮೇಲಿನ ನೀರು ಕಾಯುತ್ತದೆ, ತಳದ್ದು ಎರಡು ಮೂರು ಡಿಗ್ರಿ ತಂಪಾಗಿ ಉಳಿಯುತ್ತದೆ. 10 ಡಿಗ್ರಿಯ ಸುತ್ತಮುತ್ತ ಇಷ್ಟು ವ್ಯತ್ಯಾಸ ಹೆಚ್ಚೇನೂ ಮಾಡದು. 24-25 ಡಿಗ್ರಿಯಲ್ಲಿ ಮಾತ್ರ ಅದೇ ಎರಡು ಡಿಗ್ರಿಗೆ ನೀರಿನ ಸಾಂದ್ರತೆ ಹೆಚ್ಚು ಬದಲಾಗುತ್ತದೆ, ಹೀಗಾಗಿ ಪದರಗಳು ಬೇಗ ಬೇರೆಯಾಗಿ ನಿಲ್ಲುತ್ತವೆ. ಗಾಳಿ ಇಲ್ಲದಿದ್ದರೆ ಮೇಲಿನ ಆಮ್ಲಜನಕ ಕೆಳಕ್ಕೆ ಇಳಿಯುವುದಿಲ್ಲ. 24 ಡಿಗ್ರಿಯ ನೀರು ತುಂಬಿಕೊಳ್ಳಬಲ್ಲ ಆಮ್ಲಜನಕ ಲೀಟರಿಗೆ ಸುಮಾರು 8.4 ಮಿಲಿಗ್ರಾಂ, ಘನ ಮೀಟರಿಗೆ 8.4 ಗ್ರಾಂ. ತಳದ ತಂಪು ಪದರ 1 ಮೀಟರ್ ದಪ್ಪ ಎಂದುಕೊಳ್ಳಿ. ಅಲ್ಲಿಗೆ ಪ್ರತಿ ಚದರ ಮೀಟರ್ ಕೆಸರಿನ ಮೇಲೆ ಇರುವ ದಾಸ್ತಾನು 8.4 ಗ್ರಾಂ, ಅಷ್ಟೇ. ಪಾಚಿ ಕೊಳೆತು ಕೂತ ಕೆಸರು ದಿನಕ್ಕೆ 1.5 ಗ್ರಾಂ ಆಮ್ಲಜನಕ ನುಂಗಿದರೆ ಮೂರನೆಯ ದಿನ ಉಳಿಯುವುದು 3.9, ಐದನೆಯ ದಿನ 0.9. ಲೀಟರಿಗೆ 4 ಮಿಲಿಗ್ರಾಮಿನ ಕೆಳಗೆ ಮರಿ ಕಷ್ಟಪಡುತ್ತದೆ, 1ರ ಆಸುಪಾಸಿನಲ್ಲಿ ಉಳಿಯುವುದಿಲ್ಲ. ತಂಪು ಪದರ ಅರ್ಧ ಮೀಟರ್ ಆಗಿದ್ದರೆ ಮೂರೇ ದಿನದಲ್ಲಿ ಕತೆ ಮುಗಿಯುತ್ತದೆ.

ನಡುವಿನ ಬೋಗುಣಿಯಲ್ಲಿ ತಂಪು ಪದರ ನಾಲ್ಕೈದು ಮೀಟರ್ ದಪ್ಪವಿರುವುದರಿಂದ ದಾಸ್ತಾನು ಒಂದು ತಿಂಗಳು, ಅದಕ್ಕೂ ಹೆಚ್ಚು ಕಾಲ ಬರುತ್ತದೆ. ಆದರೆ ಅಲ್ಲಿ ಪದರ ಇಡೀ ಬೇಸಿಗೆ ಒಡೆಯುವುದಿಲ್ಲ. ಹೀಗಾಗಿ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಆಳದ ತಳ ಉಸಿರುಗಟ್ಟುವುದು ವರ್ಷವರ್ಷದ ಮಾತು, ಮೇಫ್ಲೈ ಅಲ್ಲಿ ನೆಲೆಯೂರದಿರುವುದಕ್ಕೆ ಕಾರಣವೂ ಅದೇ. ಪಶ್ಚಿಮದ ಅಪಾಯ ಬೇರೆ ಬಗೆಯದು: ಅಪರೂಪ, ಆದರೆ ಬಂದರೆ ತಕ್ಷಣ. ತಿಂಗಳಿಗೊಮ್ಮೆ ದೋಣಿಯಲ್ಲಿ ಹೋಗಿ ನೀರಿನ ಮಾದರಿ ತರುವವರ ಕೈಗೆ ಈ ಐದು ದಿನ ಸಿಗುವುದೇ ಇಲ್ಲ. ಅವರು ಹೋಗುವ ಹೊತ್ತಿಗೆ ಗಾಳಿ ಬೀಸಿರುತ್ತದೆ, ಮಾಪಕ 8 ತೋರಿಸುತ್ತದೆ, ಕೆಸರಿನಲ್ಲಿ ಮಾತ್ರ ಸತ್ತ ಮರಿಗಳಿರುತ್ತವೆ.

1953ರಲ್ಲಿ ಆದದ್ದು ಹೀಗೆಯೇ. ಆಗಸ್ಟ್ ಕೊನೆಗೆ ಬಿಸಿಲು ಏರಿ ಗಾಳಿ ನಿಂತಿತ್ತು. ಓಹಾಯೊ ರಾಜ್ಯ ವಿಶ್ವವಿದ್ಯಾಲಯದ ಸ್ಟೋನ್ ಪ್ರಯೋಗಾಲಯ ಇರುವುದು ಪಶ್ಚಿಮ ಬೋಗುಣಿಯ ದ್ವೀಪವೊಂದರಲ್ಲಿ. ಅಲ್ಲಿನ ಎನ್. ವಿಲ್ಸನ್ ಬ್ರಿಟ್ ಸೆಪ್ಟೆಂಬರ್ ಮೊದಲಿಗೆ ತಳದ ಕೆಸರು ಎತ್ತಿ ನೋಡಿದಾಗ ಮರಿಗಳು ರಾಶಿಯಾಗಿ ಸತ್ತಿದ್ದವು. ನೀರು ಪದರಗಟ್ಟಿದ್ದರಿಂದಲೇ ಈ ಸಾವು ಎಂದು ಅವರು 1955ರಲ್ಲಿ ಪ್ರಕಟಿಸಿದರು. ಮರುವರ್ಷ ಸ್ವಲ್ಪ ಚೇತರಿಕೆ ಕಂಡಿತು, ನಿಲ್ಲಲಿಲ್ಲ. 1960ರ ದಶಕದ ಹೊತ್ತಿಗೆ ಪಶ್ಚಿಮ ಬೋಗುಣಿಯಲ್ಲಿ ಹೆಕ್ಸಾಜೀನಿಯಾ ಬಹುತೇಕ ಇಲ್ಲವಾಗಿತ್ತು. ಅದರ ಜಾಗಕ್ಕೆ ಕಡಿಮೆ ಆಮ್ಲಜನಕದಲ್ಲೂ ಬದುಕುವ ಕೆಂಪು ಕೆಸರುಹುಳುಗಳು ಮತ್ತು ಕಚ್ಚದ ಸೊಳ್ಳೆಯಂಥ ಕೀಟಗಳ ಮರಿಗಳು ಬಂದವು.

ಒಂದೇ ಹೊಡೆತಕ್ಕೆ ಇಷ್ಟು ನಷ್ಟವಾಗುವುದಕ್ಕೆ ಎರಡು ವರ್ಷದ ಜೀವನಚಕ್ರವೇ ಕಾರಣ. ಆಗಸ್ಟಿನಲ್ಲಿ ಕೆಸರಿನೊಳಗೆ ಎರಡು ಪೀಳಿಗೆ ಒಟ್ಟಿಗೆ ಇರುತ್ತವೆ, ಬರುವ ವರ್ಷ ಹಾರಬೇಕಾದದ್ದು ಮತ್ತು ಅದರ ಮುಂದಿನ ವರ್ಷದ್ದು. ಎರಡೂ ಸತ್ತರೆ ಮೊಟ್ಟೆ ಇಡಲು ಯಾರೂ ಇರುವುದಿಲ್ಲ. ಅಕ್ಕಪಕ್ಕದ ಕೊಲ್ಲಿಯಿಂದ, ನದೀಮುಖದಿಂದ ಹಾರಿಬಂದ ಹೆಣ್ಣುಗಳೇ ಹೊಸದಾಗಿ ಬಿತ್ತಬೇಕು. ಅವು ಬಲಿಯುವ ಮೊದಲು ಇನ್ನೊಂದು ಗಾಳಿಯಿಲ್ಲದ ವಾರ ಬಂದರೆ ಮತ್ತೆ ಸೊನ್ನೆ.

ಮರಳಿದ್ದು ಹೇಗೆ, ಅದರಲ್ಲಿ ಬಿಟ್ಟುಹೋದದ್ದೇನು

ಕೆಸರಿನ ಹಸಿವು ಎಲ್ಲಿಂದ ಬರುತ್ತದೆ? ಪಾಚಿಯಿಂದ. ಪಾಚಿಗೆ ಮೇವು ರಂಜಕ, ಅಂದರೆ ಫಾಸ್ಫರಸ್. 1960ರ ದಶಕದ ಕೊನೆಗೆ ಈರಿಗೆ ವರ್ಷಕ್ಕೆ 25 ಸಾವಿರ ಟನ್ನಿಗೂ ಮೀರಿ ರಂಜಕ ಬಂದು ಬೀಳುತ್ತಿತ್ತು. ಅದರ ದೊಡ್ಡ ಪಾಲು ಊರುಗಳ ಒಳಚರಂಡಿ ಮತ್ತು ಬಟ್ಟೆ ಸೋಪಿನ ಪುಡಿಯದು. 1972ರಲ್ಲಿ ಅಮೆರಿಕ-ಕೆನಡಾ ನಡುವೆ ಮಹಾಸರೋವರಗಳ ನೀರಿನ ಗುಣಮಟ್ಟದ ಒಪ್ಪಂದ ಆಯಿತು. ದೊಡ್ಡ ಸಂಸ್ಕರಣಾ ಘಟಕಗಳಿಂದ ಹೊರಬರುವ ನೀರಿನಲ್ಲಿ ರಂಜಕ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು ಎಂಬ ಗುರಿ ಬಂತು, 1978ರ ಪರಿಷ್ಕೃತ ಒಪ್ಪಂದದಲ್ಲಿ ಇಡೀ ಸರೋವರಕ್ಕೆ ವರ್ಷಕ್ಕೆ 11,000 ಟನ್ ಮೀರಬಾರದು ಎಂಬ ಗುರಿಯೂ ಸೇರಿತು. ಸೋಪಿನ ಪುಡಿಯಿಂದ ಫಾಸ್ಫೇಟ್ ತೆಗೆದರು. 1980ರ ದಶಕದಲ್ಲಿ ಗುರಿ ಹತ್ತಿರವಾಯಿತು. 1990ರ ದಶಕದ ಮೊದಲ ವರ್ಷಗಳಲ್ಲಿ ದಡದ ಹತ್ತಿರದ ಕೆಸರಿನಲ್ಲಿ ಹೆಕ್ಸಾಜೀನಿಯಾ ಮರಿಗಳು ಮತ್ತೆ ಸಿಕ್ಕವು, ದಶಕ ಮುಗಿಯುವುದರೊಳಗೆ ಪಶ್ಚಿಮದ ಬಹುಭಾಗಕ್ಕೆ ಹರಡಿದವು. ಹೈಡೆಲ್‌ಬರ್ಗ್ ಕಾಲೇಜಿನ ಕೆನೆತ್ ಕ್ರೀಗರ್ ಮತ್ತು ಸಂಗಡಿಗರು ಈ ಮರಳುವಿಕೆಯನ್ನು 1996ರಲ್ಲಿ ದಾಖಲಿಸಿದರು. ಹೆಚ್ಚುಕಡಿಮೆ ನಲವತ್ತು ವರ್ಷದ ಗೈರುಹಾಜರಿ.

1980ರ ದಶಕದ ಕೊನೆಗೆ ಹಡಗುಗಳ ಜೊತೆ ಬಂದ ಜೀಬ್ರಾ ಮಸ್ಸೆಲ್ ಎಂಬ ಚಿಪ್ಪುಜೀವಿ ನೀರನ್ನು ಸೋಸಿದ್ದರಿಂದಲೇ ಮೇಫ್ಲೈ ಮರಳಿತು ಎನ್ನುವವರೂ ಇದ್ದಾರೆ. ಕಾಲ ಹೊಂದುತ್ತದೆ, ಅಷ್ಟರಿಂದಲೇ ಕಾರಣ ಎನ್ನಲಾಗದು. ರಂಜಕ ಇಳಿಯದಿದ್ದರೆ ಮಸ್ಸೆಲ್ ಒಂದರಿಂದ ತಳದ ಉಸಿರು ಮರಳುತ್ತಿರಲಿಲ್ಲ ಎಂಬುದು ನಮ್ಮ ಅಂದಾಜು.

ಈ ಗೆಲುವಿನ ಹಿಂದೆಯೇ ಇನ್ನೊಂದು ಕೆಲಸ ಕೆಟ್ಟಿತು, ಅದೂ ಒಳ್ಳೆಯದು ಮಾಡಲು ಹೋಗಿ. ಪಶ್ಚಿಮ ಬೋಗುಣಿಗೆ ಮೌಮಿ ನದಿ ಬಂದು ಸೇರುತ್ತದೆ. ಅದರ ಜಲಾನಯನ ಸುಮಾರು 17,000 ಚದರ ಕಿಲೊಮೀಟರ್, ಹೆಚ್ಚಿನದೆಲ್ಲ ಮೆಕ್ಕೆಜೋಳ ಮತ್ತು ಸೋಯಾ ಹೊಲ. ಒಂದು ಕಾಲದ ದೊಡ್ಡ ಜೌಗು ಪ್ರದೇಶವನ್ನು ನೆಲದಡಿ ಬಸಿ ಕೊಳವೆ ಹೂತು ಒಣಗಿಸಿ ಹೊಲ ಮಾಡಿದ್ದು. ಮಣ್ಣು ಕೊಚ್ಚಿ ಹೋಗದಿರಲೆಂದು ರೈತರು ಉಳುಮೆ ಬಿಟ್ಟರು. ಮಣ್ಣಿಗೆ ಅಂಟಿ ಹೋಗುತ್ತಿದ್ದ ರಂಜಕ ಕಡಿಮೆಯಾಯಿತು. ಆದರೆ ಉಳುಮೆ ಇಲ್ಲದೆ ಗೊಬ್ಬರವನ್ನು ಮೇಲೆ ಎರಚಿದರೆ ಅದು ಮೇಲಿನ ಎರಡು ಬೆರಳು ಮಣ್ಣಿನಲ್ಲೇ ಶೇಖರವಾಗುತ್ತದೆ. ಮಳೆ ಬಂದರೆ ಕರಗಿ, ಬಿರುಕು ಮತ್ತು ಎರೆಹುಳುವಿನ ದಾರಿಗಳಲ್ಲಿ ಇಳಿದು, ಬಸಿ ಕೊಳವೆಯಿಂದ ನೇರ ಹಳ್ಳಕ್ಕೆ ಸೇರುತ್ತದೆ. 1990ರ ದಶಕದ ನಡುವಿನಿಂದ ಮೌಮಿಯಲ್ಲಿ ಕರಗಿದ ರಂಜಕ ಏರತೊಡಗಿತು. ಮಣ್ಣಿಗೆ ಅಂಟಿದ ರಂಜಕದಲ್ಲಿ ಪಾಚಿಯ ಬಾಯಿಗೆ ಸಿಗುವುದು ಒಂದು ಪಾಲು ಮಾತ್ರ, ಕರಗಿದ್ದು ಹೆಚ್ಚುಕಡಿಮೆ ಪೂರ್ತಿ. ಒಟ್ಟು ರಂಜಕದ ಟನ್ ಲೆಕ್ಕ ನೋಡುತ್ತ ಕೂತವರಿಗೆ ಇದು ತಡವಾಗಿ ಕಂಡಿತು.

ಪರಿಹಾರಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ: ಮಣ್ಣು ಪರೀಕ್ಷೆಯಲ್ಲಿ ಬಂದಷ್ಟೇ ಗೊಬ್ಬರ, ಎರಚುವ ಬದಲು ಬಿತ್ತನೆಯ ಸಾಲಿನಲ್ಲಿ ಐದಾರು ಸೆಂಟಿಮೀಟರ್ ಕೆಳಗೆ ಇಡುವುದು, ಹೆಪ್ಪುಗಟ್ಟಿದ ನೆಲದ ಮೇಲೂ ದೊಡ್ಡ ಮಳೆಯ ಮುನ್ಸೂಚನೆ ಇರುವ ದಿನವೂ ಹಾಕದಿರುವುದು, ಬಸಿ ಕೊಳವೆಯ ಬಾಯಿಗೆ ಹಲಗೆ ಇಟ್ಟು ಚಳಿಗಾಲದಲ್ಲಿ ನೀರು ತಡೆದು ನಿಲ್ಲಿಸುವುದು, ಹಳ್ಳ ಸೇರುವಲ್ಲಿ ಜೌಗು ಮರುನಿರ್ಮಾಣ. 2008ನ್ನು ಬುಡವರ್ಷವಾಗಿ ಹಿಡಿದು ವಸಂತದ ತಿಂಗಳುಗಳ ರಂಜಕವನ್ನು ನೂರಕ್ಕೆ 40ರಷ್ಟು ಇಳಿಸಬೇಕೆಂದು ಎರಡು ದೇಶಗಳು 2016ರಲ್ಲಿ ಗುರಿ ಹಾಕಿಕೊಂಡವು. ಓಹಾಯೊ, ಮಿಷಿಗನ್, ಒಂಟಾರಿಯೊಗಳು ಇಟ್ಟುಕೊಂಡ ಗಡುವು 2025. ಗುರಿ ಮುಟ್ಟಿಲ್ಲ. ಕೊಳಚೆ ಘಟಕವಾದರೆ ಒಂದು ಕೊಳವೆ, ಒಂದು ಪರವಾನಗಿ, ಒಂದು ದಂಡ. ಹೊಲಗಳ ವಿಷಯದಲ್ಲಿ ಸಾವಿರಾರು ಕೊಳವೆಗಳು, ಬಹುಪಾಲು ಸ್ವಯಂಪ್ರೇರಿತ ಸಹಾಯಧನದ ಯೋಜನೆಗಳು. ಮೊದಲನೆಯದಕ್ಕೇ ಸುಮಾರು ಹದಿನೈದು ವರ್ಷ ಹಿಡಿದಿರುವಾಗ ಎರಡನೆಯದಕ್ಕೆ ಒಂಬತ್ತೇ ವರ್ಷ ಕೊಟ್ಟದ್ದು ಲೆಕ್ಕದ ತಪ್ಪು.

ಇಲ್ಲಿ ಮೇಫ್ಲೈ ಪರವಾಗಿ ಮಾತಾಡುವವರಿಗೆ ಇರಿಸುಮುರಿಸು ಮಾಡುವ ಒಂದು ವಿಷಯವಿದೆ. ಬಿಲದೊಳಗೆ ನೀರು ಪಂಪು ಮಾಡುವ ಮರಿ, ಕೆಸರಿನ ರಂಧ್ರಗಳಲ್ಲಿದ್ದ ರಂಜಕವನ್ನೂ ಮೇಲಿನ ನೀರಿಗೆ ತಳ್ಳುತ್ತದೆ. ಮೇಫ್ಲೈ ಹೆಚ್ಚಿರುವ ತಳದಿಂದ ರಂಜಕ ಹೆಚ್ಚು ಹೊರಬರುತ್ತದೆ ಎಂದು 2010ರಲ್ಲಿ ಪ್ರಕಟವಾದ ಈರಿಯ ಅಧ್ಯಯನವೊಂದು ತೋರಿಸಿದೆ. ಹಾಗೆಯೇ ಅದು ಕೆಸರಿಗೆ ಆಮ್ಲಜನಕವನ್ನೂ ಇಳಿಸುತ್ತದೆ, ಮೀನಿಗೆ ಊಟವಾಗುತ್ತದೆ. ಹಳದಿ ಪರ್ಚ್ ಮೀನಿಗಂತೂ ಇದು ಹಬ್ಬ. ಒಳ್ಳೆಯ ಹುಳು, ಕೆಟ್ಟ ಹುಳು ಎಂಬ ವಿಂಗಡಣೆ ಕೆಸರಿನಲ್ಲಿ ನಿಲ್ಲುವುದಿಲ್ಲ.

ರಾಡಾರ್ ಕಂಡ ಕುಸಿತ

ಮೇಫ್ಲೈ ಏಳುವ ಸಂಜೆ ಹವಾಮಾನ ರಾಡಾರಿನಲ್ಲಿ ಮಳೆಮೋಡದಂಥ ಗುರುತು ಬೀಳುತ್ತದೆ. ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಸರೋವರದ ಮೇಲೆ ಎದ್ದು ಗಾಳಿಯ ಜೊತೆ ದಡದತ್ತ ಸರಿಯುತ್ತದೆ. 2014ರ ಜುಲೈ 20ರ ರಾತ್ರಿ ಮಿಸಿಸಿಪಿ ನದಿಯ ದಡದ ಲಾ ಕ್ರಾಸ್‌ನಲ್ಲಿ ಹೀಗೆ ಕಂಡ ಗುರುತು ದೇಶದಾದ್ಯಂತ ಸುದ್ದಿಯಾಯಿತು. ಫಿಲಿಪ್ ಸ್ಟೆಪಾನಿಯನ್ ಮತ್ತು ಸಂಗಡಿಗರು ಈ ಗುರುತುಗಳನ್ನೇ ಎಣಿಕೆಯಾಗಿ ಬದಲಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಏಳುವಿಕೆಯಲ್ಲಿ ಹಾರುವ ಸಂಖ್ಯೆ 8,790 ಕೋಟಿಯ ತನಕ, ತೂಕ ಮೂರು ಸಾವಿರ ಟನ್ನಿನ ತನಕ ಮುಟ್ಟಬಲ್ಲದು. ಆದರೆ 2012ರಿಂದ 2019ರೊಳಗೆ ಮೇಲಿನ ಮಿಸಿಸಿಪಿಯಲ್ಲಿ ಅರ್ಧಕ್ಕೂ ಹೆಚ್ಚು ಕುಸಿತ. ಈರಿಯ ಪಶ್ಚಿಮದಲ್ಲಿ 2015ರಿಂದ 2019ರೊಳಗೆ ನೂರಕ್ಕೆ 84.

ಕುಸಿತದ ದಿಕ್ಕನ್ನು ನಂಬಬಹುದು. ಅಂಕೆಯನ್ನು ಮಾತ್ರ ಎಚ್ಚರದಿಂದ ಹಿಡಿಯಬೇಕು. ರಾಡಾರಿನ ಕಿರಣ ಭೂಮಿಯಿಂದ ದೂರವಾದಂತೆ ಮೇಲೇರುತ್ತದೆ, ಅದರ ಕೆಳಗೆ ಹಾರಿದ್ದು ಲೆಕ್ಕಕ್ಕೆ ಬರುವುದಿಲ್ಲ. ಏಳುವ ರಾತ್ರಿ ಮಳೆ ಬಂದರೆ ಕೀಟ ಯಾವುದು, ಹನಿ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಎಲ್ಲಕ್ಕಿಂತ ಮುಖ್ಯ, ಎರಡು ವರ್ಷದ ಚಕ್ರದ ಕೀಟದಲ್ಲಿ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ ಆಗುವುದು ಸಹಜ. ನಾಲ್ಕು ವರ್ಷದ ಅವಧಿಯ ಶೇಕಡಾವಾರು, ಯಾವ ವರ್ಷದಿಂದ ಎಣಿಕೆ ಆರಂಭಿಸಿದ್ದೇವೆ ಎಂಬುದರ ಮೇಲೆ ಬಹಳ ಏರುಪೇರಾಗುತ್ತದೆ.

ಕಾರಣಗಳ ಪಟ್ಟಿಯಲ್ಲಿ ಮೂರು ಹೆಸರು: ಬಿಸಿಯಾಗುತ್ತಿರುವ ನೀರು ಮತ್ತು ಅದರಿಂದ ಹೆಚ್ಚುವ ಪದರಗಟ್ಟುವಿಕೆ, ಪಾಚಿವಿಷ, ಬೀಜೋಪಚಾರಕ್ಕೆ ಬಳಸುವ ನಿಯೊನಿಕೊಟಿನಾಯ್ಡ್ ಕೀಟನಾಶಕ. ನಮ್ಮ ಹತ್ತಿ ಬೆಳೆಗಾರರಿಗೆ ಇಮಿಡಾಕ್ಲೋಪ್ರಿಡ್ ಎಂದರೆ ತಟ್ಟನೆ ಗೊತ್ತಾಗುತ್ತದೆ, ಅದೇ ಗುಂಪು. ನೀರಿನಲ್ಲಿ ಸುಲಭವಾಗಿ ಕರಗುವುದು ಅದರ ಗುಣ, ಅದೇ ತೊಂದರೆ ಕೂಡ: ಬೀಜಕ್ಕೆ ಹಚ್ಚಿದ್ದರಲ್ಲಿ ಗಿಡ ಹೀರುವುದು ಸಣ್ಣ ಪಾಲು, ಉಳಿದದ್ದರಲ್ಲಿ ಒಂದು ಭಾಗ ರಂಜಕ ಹೋದ ಬಸಿ ಕೊಳವೆಯಲ್ಲೇ ಹೋಗುತ್ತದೆ. ಮೇಫ್ಲೈ ಮರಿಗಳು ಈ ಔಷಧಿಗೆ ತೀರ ಸೂಕ್ಷ್ಮ ಎಂಬುದು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಸಾಬೀತಾದ ಮಾತು. ಈರಿಯ ಕೆಸರಿನಲ್ಲಿ ಈ ಮೂರರಲ್ಲಿ ಯಾವುದರ ಪಾಲೆಷ್ಟು ಎಂಬುದನ್ನು ರಾಡಾರ್ ಹೇಳಲಾರದು. ಅದು ಹೊರಟವರನ್ನು ಎಣಿಸುತ್ತದೆ, ಒಳಗೆ ಸತ್ತವರನ್ನಲ್ಲ.

ದಡಕ್ಕೆ ಬಂದ ಮೇಲಿನ ನಷ್ಟವೂ ಇದೆ. ಒಣ ಡಾಂಬರು ರಸ್ತೆ ಬೆಳಕನ್ನು ಪ್ರತಿಫಲಿಸುವ ರೀತಿ ನೀರಿನ ಮೇಲ್ಮೈಯನ್ನೇ ಹೋಲುತ್ತದೆ. ಹೆಣ್ಣು ಮೇಫ್ಲೈಗಳು ಮೋಸಹೋಗಿ ರಸ್ತೆಯ ಮೇಲೆ ಮೊಟ್ಟೆ ಸುರಿಯುತ್ತವೆ ಎಂದು ಹಂಗೇರಿಯ ಸಂಶೋಧಕರು 1998ರಲ್ಲೇ ತೋರಿಸಿದ್ದರು. ಸೇತುವೆಯ ದೀಪಗಳು ಇದಕ್ಕೆ ಜೊತೆ. ಸತ್ತ ಕೀಟಗಳ ಪದರದ ಮೇಲೆ ಗಾಡಿಗಳು ಜಾರುತ್ತವೆ, ಹಿಮ ತಳ್ಳುವ ಯಂತ್ರ ತಂದು ಬಳಿಯುತ್ತಾರೆ. ಈರಿ ದಡದ ಊರುಗಳಲ್ಲಿ ಆ ವಾರ ಬೀದಿದೀಪ ಆರಿಸುವ ರೂಢಿಯಿದೆ. ಖರ್ಚಿಲ್ಲದ, ಫಲ ಕೊಡುವ ಉಪಾಯ. ಆದರೆ 84ರ ಕುಸಿತಕ್ಕೆ ದೀಪವನ್ನು ಹೊಣೆ ಮಾಡಿದರೆ ಹೊಲದ ಕೊಳವೆ ಸಲೀಸಾಗಿ ತಪ್ಪಿಸಿಕೊಳ್ಳುತ್ತದೆ.

ಮಿಸಿಸಿಪಿಯ ಕತೆ ಒಂದು ಕಡೆ ಈರಿಗಿಂತ ಭಿನ್ನ. ಅಲ್ಲಿ 1930ರ ದಶಕದಲ್ಲಿ ಹಡಗು ಸಾಗಲೆಂದು ಕಟ್ಟಿದ ಅಡ್ಡಗಟ್ಟೆಗಳ ಹಿಂದೆ ಹೂಳು ಕೂತು, ಕೆಸರಿನ ಮೇಫ್ಲೈಗೆ ಮೊದಲು ಇಲ್ಲದಷ್ಟು ಜಾಗ ಸಿಕ್ಕಿತು. ನದಿದಡದ ವಿನೋನಾ ಊರಿನ ಜೀವವಿಜ್ಞಾನಿ ಕಾಲ್ವಿನ್ ಫ್ರೆಮ್ಲಿಂಗ್ ದೋಣಿ ಚಾಲಕರು, ಗಟ್ಟೆಯ ಸಿಬ್ಬಂದಿಯಿಂದ ಕೀಟಗಳನ್ನು ತರಿಸಿಕೊಂಡು ನದಿಯುದ್ದಕ್ಕೂ ನಕ್ಷೆ ಮಾಡಿದಾಗ, ಮಿನಿಯಾಪೊಲಿಸ್-ಸೇಂಟ್ ಪಾಲ್ ನಗರಗಳ ಕೊಳಚೆ ಬೀಳುವ ಕೆಳಭಾಗ ಖಾಲಿಯಾಗಿ ಕಂಡಿತು. ಕೊಳಚೆ ಸಂಸ್ಕರಣೆ ಸುಧಾರಿಸಿದ ಮೇಲೆ, 1980ರ ದಶಕದಲ್ಲಿ, ಅವು ಅಲ್ಲಿಗೂ ಮರಳಿದವು. ಅಣೆಕಟ್ಟು ಎಂದರೆ ಜೀವಿಗಳಿಗೆಲ್ಲ ಕೇಡು ಎಂಬ ಸಾಮಾನ್ಯ ಮಾತು ಈ ಕೀಟಕ್ಕೆ ಹೊಂದುವುದಿಲ್ಲ.

ನಮ್ಮ ಕೆರೆಗಳಲ್ಲಿ ಇಂಥ ಹಿಂಡು ಏಕಿಲ್ಲ ಎಂದು ಕೇಳುವವರಿಗೆ ಮೊದಲ ಉತ್ತರ ಸರಳ: ಬಯಲುಸೀಮೆಯ ಕೆರೆಯ ಅಂಗಳ ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಎರಡು ವರ್ಷ ಕೆಸರಿನಲ್ಲೇ ಇರಬೇಕಾದ ಕೀಟಕ್ಕೆ ಅದು ಮನೆಯಲ್ಲ. ಎಫೆಮೆರಾ ಕುಲದ ಬಿಲದ ಮೇಫ್ಲೈಗಳು ಪಶ್ಚಿಮ ಘಟ್ಟದ ತೊರೆಗಳ ಸಣ್ಣ ಮರಳು-ಹೂಳಿನ ಮಡುಗಳಲ್ಲಿವೆ. ವರ್ಷವಿಡೀ ತುಂಬಿರುವ ಬೆಂಗಳೂರಿನ ಕೆರೆಗಳಲ್ಲಿ ತೊಂದರೆ ಬೇರೆ, ಆದರೆ ಲೆಕ್ಕ ಈರಿಯದೇ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ಸಾವಿರಗಟ್ಟಲೆ ತೇಲಿದ್ದನ್ನು ನೆನೆಯಿರಿ. ಪಾಚಿ ತುಂಬಿದ ಕೆರೆಯಲ್ಲಿ ಮಧ್ಯಾಹ್ನ ದಡದ ನೀರಿಗೆ ಮಾಪಕ ಅದ್ದಿದರೆ ಆಮ್ಲಜನಕ ಬೇಕಾದ್ದಕ್ಕಿಂತ ಹೆಚ್ಚೇ ತೋರಿಸುತ್ತದೆ. ಅಳೆಯಬೇಕಾದದ್ದು ಬೆಳಗಿನ ಜಾವ, ತಳದಲ್ಲಿ.

ಎಣಿಸುವುದು ಹೇಗೆ

ಕುಸಿತ ನಿಜವೋ, ಕಾರಣವೇನೋ ಎಂಬುದಕ್ಕೆ ಕೆಸರನ್ನೇ ಕೇಳಬೇಕು. ಕಾಲ ಮುಖ್ಯ: ಏಪ್ರಿಲ್ ಕೊನೆಯಿಂದ ಮೇ, ಹಾರುವ ಮೊದಲು. ಜುಲೈನಲ್ಲಿ ಹೋದರೆ ದೊಡ್ಡವು ಹಾರಿಹೋಗಿರುತ್ತವೆ, ಹೊಸ ಮರಿಗಳು ಜರಡಿಯಲ್ಲಿ ನಿಲ್ಲುವುದಿಲ್ಲ.

ಬಳಸುವುದು ಪೊನಾರ್ ಎಂಬ ಕಬ್ಬಿಣದ ದವಡೆ. 20 ಕಿಲೊಗೂ ಹೆಚ್ಚು ಭಾರ, 23 ಸೆಂಟಿಮೀಟರ್ ಚೌಕ, ಒಂದು ಸಲಕ್ಕೆ 0.052 ಚದರ ಮೀಟರ್ ತಳ ಕಚ್ಚುತ್ತದೆ. ಹಗ್ಗವನ್ನು ನಿಧಾನವಾಗಿ ಬಿಡಬೇಕು. ಧಡಕ್ಕನೆ ಬಿಟ್ಟರೆ ಮುಂದೆ ನುಗ್ಗುವ ನೀರಿನ ಒತ್ತಡಕ್ಕೆ ಮೇಲಿನ ಮೆದು ಪದರ, ಅದರೊಳಗಿನ ಸಣ್ಣ ಮರಿಗಳ ಸಮೇತ, ಪಕ್ಕಕ್ಕೆ ಚಿಮ್ಮುತ್ತದೆ. ಮೇಲೆ ಬಂದಾಗ ದವಡೆಯ ನಡುವೆ ಮಸ್ಸೆಲ್ ಚಿಪ್ಪೋ ಕಲ್ಲೋ ಸಿಕ್ಕಿಕೊಂಡು ಕೆಸರು ಸೋರುತ್ತಿದ್ದರೆ ಆ ಮಾದರಿ ಚೆಲ್ಲಿ ಮತ್ತೆ ಹಾಕಬೇಕು. ಕೆಸರು ಮೇಲಿನ ಜಾಲರಿಗೆ ತಾಗಿ ಉಕ್ಕಿದ್ದರೂ ಅಷ್ಟೇ. ಒಂದು ಜಾಗದಲ್ಲಿ ಕನಿಷ್ಠ ಮೂರು ಸಲ. ಅರ್ಧ ಮಿಲಿಮೀಟರಿನ ಆಸುಪಾಸಿನ ಜರಡಿಯಲ್ಲಿ ನೀರು ಮೆಲ್ಲಗೆ ಬಿಟ್ಟು ತೊಳೆಯಬೇಕು. ಜೋರು ನೀರಿಗೆ ಕಿವಿರು ಉದುರುತ್ತದೆ, ಆಮೇಲೆ ಗುರುತು ಹಿಡಿಯುವುದು ಕಷ್ಟ. ಬಿಳಿ ತಟ್ಟೆಗೆ ಹಾಕಿದರೆ ಜೀವಂತ ಮರಿ ಅಲೆಯಲೆಯಾಗಿ ಮೈ ಕುಣಿಸಿ ಈಜುತ್ತದೆ, ಕಣ್ಣಿಗೆ ಬೀಳುವುದು ಸುಲಭ. ಬಾಯ ಮುಂದೆ ಎರಡು ಕೊಂಬು, ಬಾಲದಲ್ಲಿ ಮೂರು ಎಳೆ, ಹಣೆಯ ಮುಂಚಾಚು ಗುಂಡಗಿದ್ದರೆ ಹೆಕ್ಸಾಜೀನಿಯಾ, ಕವಲೊಡೆದಿದ್ದರೆ ಎಫೆಮೆರಾ. ಉಳಿಸಿಡಲು ನೂರಕ್ಕೆ 70ರ ಆಲ್ಕೋಹಾಲ್ ಸಾಕು.

ಮೂರು ಸಲದ ಸರಾಸರಿಯನ್ನು 19ರಿಂದ ಗುಣಿಸಿದರೆ ಚದರ ಮೀಟರಿನ ಲೆಕ್ಕ. ಸರಾಸರಿ 6 ಸಿಕ್ಕಿದ್ದರೆ 114. ಹಾಗೆಯೇ ಪ್ರತಿ ಮಾದರಿಯಲ್ಲೂ ಒಂದೊಂದು ಮರಿ ತಪ್ಪಿದರೆ ಚದರ ಮೀಟರಿಗೆ 19 ತಪ್ಪುತ್ತದೆ ಎಂಬುದನ್ನೂ ಮರೆಯಬಾರದು. ಒಂದು ವರ್ಷದ ಅಂಕೆ ಕೈಗೆತ್ತಿಕೊಂಡು ಏರಿತು ಇಳಿಯಿತು ಎನ್ನುವ ಬದಲು ಮೂರು ವರ್ಷದ ಸರಾಸರಿ ನೋಡುವುದು ವಾಸಿ. ಜೊತೆಗೆ ತಳದಿಂದ 20 ಸೆಂಟಿಮೀಟರ್ ಎತ್ತರದಲ್ಲಿ, ಕಾಲು ಗಂಟೆಗೊಮ್ಮೆ ತಾನೇ ದಾಖಲಿಸುವ ಆಮ್ಲಜನಕ ಮಾಪಕವನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡಬೇಕು. ಒಂದು ಮೀಟರ್ ಮೇಲೆ ಕಟ್ಟಿದರೆ ತೆಳು ಪದರ ಅದರ ಕೆಳಗೇ ಹುಟ್ಟಿ ಕೆಳಗೇ ಮುಗಿದಿರುತ್ತದೆ.

ಎಣಿಕೆಗಿಂತ ಹೆಚ್ಚು ಸುದ್ದಿ ಅಳತೆಪಟ್ಟಿಯಲ್ಲಿದೆ. ಮೇ ತಿಂಗಳ ಜರಡಿಯಲ್ಲಿ ಎರಡು ಗಾತ್ರ ಸಿಗಬೇಕು: 2ರಿಂದ 3 ಸೆಂಟಿಮೀಟರಿನ ದೊಡ್ಡವು, ಅವುಗಳ ಅರ್ಧಕ್ಕೂ ಚಿಕ್ಕವು. ದೊಡ್ಡವುಗಳ ರೆಕ್ಕೆಯ ಮೊಗ್ಗು ಕಪ್ಪಾಗಿದ್ದರೆ ಇನ್ನು ಕೆಲವೇ ದಿನಗಳಲ್ಲಿ ಹಾರುತ್ತವೆ. ದೊಡ್ಡವು ಇದ್ದು ಚಿಕ್ಕವು ಇಲ್ಲದಿದ್ದರೆ ಕಳೆದ ಬೇಸಿಗೆಯ ಮೊಟ್ಟೆ ಅಥವಾ ಎಳೆಮರಿಗೆ ಏನೋ ಆಗಿದೆ. ಆಮ್ಲಜನಕ ಪೂರ್ತಿ ಹೋಗಿದ್ದರೆ ದೊಡ್ಡವೂ ಉಳಿಯುವುದು ಕಷ್ಟವಿತ್ತು, ಆದ್ದರಿಂದ ವಿಷದ ಕಡೆ, ಕೀಟನಾಶಕದ ಕಡೆಯೂ ಹುಡುಕಬೇಕು. ಚಿಕ್ಕವು ಇದ್ದು ದೊಡ್ಡವು ಇಲ್ಲದಿದ್ದರೆ ಪೆಟ್ಟು ಬಿದ್ದದ್ದು ಅದಕ್ಕೂ ಹಿಂದಿನ ಬೇಸಿಗೆಯಲ್ಲಿ. ಎರಡೂ ಇಲ್ಲದೆ ಕೆಂಪು ಹುಳುಗಳಷ್ಟೇ ಜರಡಿಯಲ್ಲಿ ಹೊರಳಾಡುತ್ತಿದ್ದರೆ, ಮಾಪಕದ ದಾಖಲೆಯಲ್ಲಿ ಕಳೆದ ಆಗಸ್ಟಿನ ಗಾಳಿಯಿಲ್ಲದ ದಿನಗಳನ್ನು ಮೊದಲು ತೆರೆದು ನೋಡಬೇಕು.